ಜ್ಯಾಬಿಕ್ಸ್ ಡೇಟಾಬೇಸ್ ಡಿಸ್ಕ್ ತುಂಬಿದೆ, ಬ್ಯಾಕಪ್ ಹೊತ್ತಿಗೆ ಗ್ರಾಫ್ ಖಾಲಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಗದಗ, ಹಾವೇರಿಯಲ್ಲೂ ನಮ್ಮ ಗ್ರಾಹಕರಿದ್ದಾರೆ. ಜಾಲದ ಮೇಲೆ ಕಣ್ಣಿಡಲು ಜ್ಯಾಬಿಕ್ಸ್ ತಂತ್ರಾಂಶ ಇದೆ: ಎರಡೂ ಕಡೆ ಅಳತೆ ಸಂಗ್ರಹಿಸಿ ಕಳಿಸುವ ಒಂದೊಂದು ಪ್ರಾಕ್ಸಿ, ವಿದ್ಯಾನಗರದ ಕಚೇರಿಯಲ್ಲಿ ಮುಖ್ಯ ಸರ್ವರ್. ಜ್ಯಾಬಿಕ್ಸ್ 6.0, ಅದರ ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0. ಸ್ವಿಚ್, ಓಎಲ್‌ಟಿ (ಫೈಬರ್ ಸಂಪರ್ಕಗಳ ಕೇಂದ್ರ ಸಾಧನ) ಎಲ್ಲ ಸೇರಿ ಸುಮಾರು 2,000 ಪೋರ್ಟ್, 18,000 ಐಟಂ (ಅಳೆಯುವ ಅಂಶ), ಎಲ್ಲವೂ ನಿಮಿಷಕ್ಕೊಮ್ಮೆ, ಅಳತೆಗಳ ದಾಖಲೆ ಅಂದರೆ ಹಿಸ್ಟರಿ 90 ದಿನ. 480 ಜಿಬಿಯ ಎಸ್‌ಎಸ್‌ಡಿ ಈಗ ಶೇ 93 ತುಂಬಿದೆ. ರಾತ್ರಿ 2 ಗಂಟೆಗೆ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಓಡುತ್ತದೆ. ಮುಗಿಯುವ ತನಕ ಗ್ರಾಫ್‌ಗಳೆಲ್ಲ ಖಾಲಿ, ಮುಗಿದ ಕೂಡಲೇ ಸುಳ್ಳು ಅಲಾರಂಗಳು. ಹಳೆಯ ಸಾಲುಗಳನ್ನು ಡಿಲೀಟ್ ಮಾಡಿ ನೋಡಿದೆ, ಡಿಸ್ಕ್ ಒಂದು ಜಿಬಿಯೂ ಖಾಲಿಯಾಗಲಿಲ್ಲ. ಧಾರವಾಡದಲ್ಲಿ ಇನ್ನೊಂದು ಸರ್ವರ್ ಇಟ್ಟು ರೆಪ್ಲಿಕೇಶನ್ (ಡೇಟಾಬೇಸಿನ ಸದಾ ನಕಲು) ಮಾಡಿಬಿಟ್ಟರೆ ಬ್ಯಾಕಪ್ ಯಾಕೆ ಬೇಕು ಅಂತ ನಮ್ಮ ಸಾಹೇಬರು ಕೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ರಾತ್ರಿಯ ಖಾಲಿ ಗ್ರಾಫಿನಿಂದಲೇ ಶುರು ಮಾಡಿ. ಅದಕ್ಕೆ ಇವತ್ತು ಸಂಜೆಯೊಳಗೆ ಪರಿಹಾರ ಇದೆ.

ಮೈಎಸ್‌ಕ್ಯೂಎಲ್‌ಡಂಪ್‌ಗೆ ನೀವು ಏನೂ ಹೇಳದಿದ್ದರೆ ಅದು ಡೇಟಾಬೇಸಿನ ಅಷ್ಟೂ ಟೇಬಲ್‌ಗಳಿಗೆ ಓದುವ ಬೀಗ ಹಾಕಿಕೊಂಡೇ ಕೆಲಸ ಶುರು ಮಾಡುತ್ತದೆ. ಬೀಗ ಇರುವಷ್ಟು ಹೊತ್ತು ಓದಬಹುದು, ಬರೆಯುವಂತಿಲ್ಲ. ಜ್ಯಾಬಿಕ್ಸ್ ಸರ್ವರ್ ಬರೆಯಬೇಕಾದ ಮೌಲ್ಯಗಳನ್ನು ಹಿಸ್ಟರಿ ಕ್ಯಾಶ್‌ನಲ್ಲಿ ಹಿಡಿದುಕೊಂಡು ಕಾಯುತ್ತದೆ. ಆ ಕ್ಯಾಶ್ ಮೂಲದಲ್ಲಿ 16 ಎಂಬಿ ಮಾತ್ರ. ನಿಮ್ಮಲ್ಲಿ ಸೆಕೆಂಡಿಗೆ 300 ಮೌಲ್ಯ ಬರುತ್ತಿವೆ; ಕ್ಯಾಶ್ ತುಂಬಿದ ಮೇಲೆ ಹೊಸದನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಸಂಗ್ರಹವೇ ನಿಂತುಹೋಗುತ್ತದೆ. ಬೀಗ ಬಿಚ್ಚಿದ ಮೇಲೆ ‘ಇಷ್ಟು ಹೊತ್ತು ಡೇಟಾ ಬಂದಿಲ್ಲ’ ಎಂದು ಅಲಾರಂ ಹೊಡೆಸುವ ಷರತ್ತುಗಳು, ಅಂದರೆ ಟ್ರಿಗರ್‌ಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ನಿಮ್ಮ ಸುಳ್ಳು ಅಲಾರಂ ಅಂದರೆ ಇದೇ.

ಆಜ್ಞೆಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಸೇರಿಸಿ. ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಶೇಖರಣಾ ವ್ಯವಸ್ಥೆ) ಟೇಬಲ್‌ಗಳಾದರೆ ಡಂಪ್ ಶುರುವಾದ ಕ್ಷಣದ ಚಿತ್ರವನ್ನು ಬೀಗವಿಲ್ಲದೆ ಓದಿಕೊಳ್ಳುತ್ತದೆ, ಬರೆಯುವವರು ಬರೆಯುತ್ತಲೇ ಇರಬಹುದು. ಜೊತೆಗೆ, ಸಾಲುಗಳನ್ನು ಮೆಮೊರಿಯಲ್ಲಿ ಗುಡ್ಡೆ ಹಾಕದೆ ಒಂದೊಂದಾಗಿ ಓದುವ ‘ಕ್ವಿಕ್’ ಇರಲಿ. ಒಂದು ಎಚ್ಚರ: ಡಂಪ್ ಓಡುವಾಗ ಯಾರೂ ಟೇಬಲಿನ ರಚನೆ ಬದಲಿಸಬಾರದು. ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಪಾರ್ಟಿಶನ್, ಅಂದರೆ ಟೇಬಲಿನ ತುಂಡು, ಕಡಿಯುವ ಸ್ಕ್ರಿಪ್ಟ್ ಇದ್ದರೆ ಅದರ ಹೊತ್ತು ಬೇರೆ, ಡಂಪಿನ ಹೊತ್ತು ಬೇರೆ ಇರಲಿ. ಇನ್ನು, ಬ್ಯಾಕಪ್ಪಿಗೆ ಕಡಿಮೆ ಹಕ್ಕಿನ ಪ್ರತ್ಯೇಕ ಬಳಕೆದಾರನನ್ನು ಮಾಡಿದರೆ 8.0ರ ಈಚಿನ ಆವೃತ್ತಿಗಳಲ್ಲಿ ‘ಪ್ರೊಸೆಸ್’ ಹಕ್ಕು ಇಲ್ಲ ಎಂದು ಎರರ್ ಬರುತ್ತದೆ. ‘ನೋ ಟೇಬಲ್‌ಸ್ಪೇಸಸ್’ ಆಯ್ಕೆ ಕೊಟ್ಟರೆ ಹೋಗುತ್ತದೆ. ಅಷ್ಟಕ್ಕಾಗಿ ರೂಟ್ ಪಾಸ್‌ವರ್ಡ್ ಸ್ಕ್ರಿಪ್ಟಿನೊಳಗೆ ಬರೆದಿಡಬೇಡಿ.

ಇಷ್ಟರಿಂದ ರಾತ್ರಿ ನಿದ್ದೆ ಬರುತ್ತದೆ. ಆದರೆ ನಿಮ್ಮ ನಿಜವಾದ ತೊಂದರೆ ಡಂಪ್ ಅಲ್ಲ, ಡಂಪ್ ಮಾಡುತ್ತಿರುವ ಸರಕು.

ನಮ್ಮ ಕಡೆ ಹಗೇವಿನಲ್ಲಿ (ನೆಲದೊಳಗಿನ ಧಾನ್ಯದ ಗುಂಡಿ) ಜೋಳ ತುಂಬುವವರು ಬಿತ್ತನೆಯ ಬೀಜವನ್ನು ಅದರೊಳಗೆ ಸುರಿಯುತ್ತಿರಲಿಲ್ಲ, ಬೇರೆ ಕಟ್ಟಿ ಇಡುತ್ತಿದ್ದರು. ಜ್ಯಾಬಿಕ್ಸ್ ಡೇಟಾಬೇಸಿನಲ್ಲಿ ಎರಡೂ ಒಂದೇ ಕಡೆ ಬಿದ್ದಿವೆ. ಹೋಸ್ಟ್‌ಗಳು (ಕಾವಲಿನಲ್ಲಿರುವ ಸಾಧನಗಳು), ಟೆಂಪ್ಲೇಟ್‌ಗಳು (ಐಟಂಗಳ ಸಿದ್ಧ ಅಚ್ಚುಗಳು), ಟ್ರಿಗರ್, ಆಕ್ಷನ್, ಬಳಕೆದಾರರು, ಮ್ಯಾಪ್, ಡ್ಯಾಶ್‌ಬೋರ್ಡ್ ಇವು ನೀವು ವರ್ಷಗಟ್ಟಲೆ ಕೂತು ಕಟ್ಟಿದ ಸಂರಚನೆ. ಕಳೆದುಹೋದರೆ ಎಲ್ಲಿಂದಲೂ ತರಲಾಗದು. ನಿಮ್ಮ ಗಾತ್ರದ ಜಾಲದಲ್ಲಿ ಅದನ್ನು ಜಿಪ್ ಮಾಡಿದರೆ ಕೆಲವು ಹತ್ತು ಎಂಬಿ ಆದೀತು. ಉಳಿದ ನೂರಾರು ಜಿಬಿ ಹಿಸ್ಟರಿ: ಯಾವ ಪೋರ್ಟಿನಲ್ಲಿ ಯಾವ ನಿಮಿಷ ಎಷ್ಟು ಟ್ರಾಫಿಕ್ ಇತ್ತು ಎಂಬ ಲೆಕ್ಕ. ಅದು ಹೋದರೆ ಬೇಸರ, ಆದರೆ ಕಂಪನಿ ನಿಲ್ಲುವುದಿಲ್ಲ. ಈ ಎರಡನ್ನೂ ಒಂದೇ ಡಂಪಿನಲ್ಲಿ, ಒಂದೇ ವೇಳಾಪಟ್ಟಿಯಲ್ಲಿ ಹಾಕಿರುವುದರಿಂದಲೇ ದೊಡ್ಡದರ ಭಾರಕ್ಕೆ ಸಣ್ಣದು ಸಿಕ್ಕಿಕೊಂಡಿದೆ.

ಹಾಗಾಗಿ ಎರಡು ಡಂಪ್ ಮಾಡಿ. ಮೊದಲನೆಯದರಲ್ಲಿ ಎಲ್ಲ ಟೇಬಲ್‌ಗಳ ರಚನೆ ಮಾತ್ರ, ಡೇಟಾ ಇಲ್ಲದೆ. ಎರಡನೆಯದರಲ್ಲಿ ಡೇಟಾ, ಆದರೆ ಹಿಸ್ಟರಿಯ ಐದು ಟೇಬಲ್‌ಗಳನ್ನು (ದಶಮಾಂಶ, ಪೂರ್ಣಾಂಕ, ಸ್ಟ್ರಿಂಗ್, ಟೆಕ್ಸ್ಟ್, ಲಾಗ್) ಮತ್ತು ಟ್ರೆಂಡ್ಸ್‌ನ (ಗಂಟೆಗಂಟೆಯ ಸಾರಾಂಶ) ಎರಡನ್ನು ‘ಇಗ್ನೋರ್ ಟೇಬಲ್’ ಕೊಟ್ಟು ಬಿಟ್ಟು. ರಚನೆ ಬೇರೆ ತೆಗೆಯುವುದು ಯಾಕೆಂದರೆ, ಮರಳಿ ಕೂರಿಸುವಾಗ ಹಿಸ್ಟರಿ ಟೇಬಲ್ ಖಾಲಿ ಇದ್ದರೂ ನಡೆಯುತ್ತದೆ, ಟೇಬಲೇ ಇಲ್ಲದಿದ್ದರೆ ನಡೆಯುವುದಿಲ್ಲ. ಇವೆಂಟ್ಸ್ ಟೇಬಲ್ ದೊಡ್ಡದಾಗಿದೆ ಎಂದು ಅದನ್ನೂ ಬಿಡುವ ಆಸೆ ಬರುತ್ತದೆ, ಬಿಡಬೇಡಿ. ಪ್ರಾಬ್ಲಂ ಮೊದಲಾದ ಟೇಬಲ್‌ಗಳು ಫಾರಿನ್ ಕೀ ಮೂಲಕ ಅದಕ್ಕೇ ಕಟ್ಟಿಕೊಂಡಿವೆ.

ಈ ಸಣ್ಣ ಡಂಪ್ ಬೇಗ ಮುಗಿಯುತ್ತದೆ, ಆದ್ದರಿಂದ ದಿನಕ್ಕೆ ನಾಲ್ಕು ಸಲ ಓಡಿಸಿದರೂ ಯಾರಿಗೂ ತೊಂದರೆಯಿಲ್ಲ. ದೊಡ್ಡ ಬದಲಾವಣೆಗೆ ಕೈ ಹಾಕುವ ಮೊದಲೂ ಒಂದು ಓಡಿಸಿ. ಟೆಂಪ್ಲೇಟನ್ನು ‘ಅನ್‌ಲಿಂಕ್ ಆ್ಯಂಡ್ ಕ್ಲಿಯರ್’ ಮಾಡಿ, ಅದರ ಐಟಂಗಳನ್ನೆಲ್ಲ ಅಳಿಸಿಕೊಂಡು, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ಈ ಊರಲ್ಲಿ ಒಬ್ಬಿಬ್ಬರಲ್ಲ.

‘ಹೋಸ್ಟ್, ಟೆಂಪ್ಲೇಟ್‌ಗಳನ್ನು ಯಾಮಲ್ ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡರೆ ಸಾಲದೇ?’ ಎಂದು ಹಲವರು ಕೇಳುತ್ತಾರೆ. ಸಾಲದು. ಬಳಕೆದಾರರು, ಆಕ್ಷನ್‌ಗಳು ಅದರಲ್ಲಿ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಳಿದ ಹೋಸ್ಟನ್ನು ಯಾಮಲ್‌ನಿಂದ ಮತ್ತೆ ಇಂಪೋರ್ಟ್ ಮಾಡಿದರೆ ಪ್ರತಿ ಐಟಂಗೂ ಹೊಸ ಐಡಿ ಸಿಗುತ್ತದೆ. ಹಿಸ್ಟರಿಯ ಸಾಲುಗಳು ಹಳೆಯ ಐಡಿ ಹೊತ್ತು ಕೂತಿರುತ್ತವೆ, ಇಬ್ಬರಿಗೂ ಗುರುತಿಲ್ಲ. ಡೇಟಾಬೇಸಿನ ಡಂಪ್‌ನಿಂದ ತಂದರೆ ಐಡಿಗಳು ಇದ್ದಂತೆಯೇ ಬರುತ್ತವೆ. ಇದರಿಂದ ಇನ್ನೊಂದು ಅನುಕೂಲ: ಸರ್ವರ್ ಸುಟ್ಟುಹೋದ ದಿನ ಮೊದಲು ಸಂರಚನೆ ಮಾತ್ರ ಕೂರಿಸಿ ಕಾವಲು ಶುರು ಮಾಡಬಹುದು, ಟ್ರೆಂಡ್ಸ್ ಮತ್ತು ಹಿಸ್ಟರಿಯನ್ನು ಆಮೇಲೆ ಸಾವಕಾಶವಾಗಿ ತುಂಬಿಕೊಳ್ಳಬಹುದು.

ಈಗ ಡಿಸ್ಕ್. ಜ್ಯಾಬಿಕ್ಸ್ ಕೈಪಿಡಿಯ ಅಂದಾಜಿನ ಪ್ರಕಾರ ಒಂದು ಸಂಖ್ಯಾ ಮೌಲ್ಯಕ್ಕೆ ಸುಮಾರು 90 ಬೈಟ್. 18,000 ಐಟಂ ನಿಮಿಷಕ್ಕೊಮ್ಮೆ ಅಂದರೆ ಸೆಕೆಂಡಿಗೆ 300, ದಿನಕ್ಕೆ ಸುಮಾರು 2.3 ಜಿಬಿ, 90 ದಿನಕ್ಕೆ 210 ಜಿಬಿ. ಟ್ರೆಂಡ್ಸ್ ವರ್ಷಕ್ಕೆ 14 ಜಿಬಿ. ನಿಮ್ಮಲ್ಲಿ ತುಂಬಿರುವುದು 446 ಜಿಬಿ. ಉಳಿದದ್ದು ಎಲ್ಲಿ ಹೋಯಿತು?

ನನ್ನ ಅನುಮಾನ ಮೂರು ಕಡೆ. ಒಂದು, ಬೈನರಿ ಲಾಗ್. ಮೈಎಸ್‌ಕ್ಯೂಎಲ್ 8.0ರಲ್ಲಿ ಇದು ತಾನಾಗಿಯೇ ಚಾಲೂ ಇರುತ್ತದೆ, 30 ದಿನ ಇಟ್ಟುಕೊಳ್ಳುತ್ತದೆ. ಬರೆದದ್ದೆಲ್ಲ ಅಲ್ಲಿ ಇನ್ನೊಮ್ಮೆ ಬರೆಯಲ್ಪಡುವುದರಿಂದ ದಿನಕ್ಕೆ ಜಿಬಿಗಟ್ಟಲೆ ಏರುತ್ತದೆ. ಡೇಟಾ ಡೈರೆಕ್ಟರಿಯಲ್ಲಿ ‘ಬಿನ್‌ಲಾಗ್’ ಎಂದು ಶುರುವಾಗುವ ಕಡತಗಳ ಒಟ್ಟು ಗಾತ್ರ ನೋಡಿ. ರೆಪ್ಲಿಕಾ ಇಲ್ಲದಿದ್ದರೆ ಅವಧಿಯನ್ನು ಎರಡು ದಿನಕ್ಕೆ ಇಳಿಸಿ, ಹಳೆಯದನ್ನು ಮೈಎಸ್‌ಕ್ಯೂಎಲ್ ಒಳಗಿನಿಂದ ‘ಪರ್ಜ್ ಬೈನರಿ ಲಾಗ್ಸ್’ ಆಜ್ಞೆಯಿಂದಲೇ ತೆಗೆಯಿರಿ. ಹೊರಗಿನಿಂದ ಕಡತ ಅಳಿಸಿದರೆ ಅದರ ಸೂಚಿ ಕೆಡುತ್ತದೆ. ಎರಡು, ರಾತ್ರಿಯ ಡಂಪ್‌ಗಳು ಅದೇ ಡಿಸ್ಕಿನಲ್ಲಿ ಕೂತಿರಬೇಕು. ಬ್ಯಾಕಪ್ ಮೂಲದ ಡಿಸ್ಕಿನಲ್ಲೇ ಇದ್ದರೆ ಅದಕ್ಕೆ ಬ್ಯಾಕಪ್ ಅನ್ನಲು ನಾನು ಒಪ್ಪುವುದಿಲ್ಲ. ಮೂರು, ನೀವು ಡಿಲೀಟ್ ಮಾಡಿದ ಸಾಲುಗಳ ಜಾಗ. ಇನ್ನೋಡಿಬಿ ಆ ಜಾಗವನ್ನು ಮುಂದಿನ ಸಾಲುಗಳಿಗೆಂದು ತನ್ನಲ್ಲೇ ಉಳಿಸಿಕೊಳ್ಳುತ್ತದೆ, ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಕೊಡುವುದಿಲ್ಲ. ಕೊಡಿಸಬೇಕಾದರೆ ‘ಆಪ್ಟಿಮೈಜ್ ಟೇಬಲ್’ ಓಡಿಸಬೇಕು; ಅದು ಟೇಬಲಿನ ಹೊಸ ಪ್ರತಿ ಕಟ್ಟುವುದರಿಂದ ಉಳಿದ ಡೇಟಾದಷ್ಟೇ ಖಾಲಿ ಜಾಗ ಬೇಕು. ನಿಮ್ಮಲ್ಲಿ ಉಳಿದಿರುವುದು 34 ಜಿಬಿ. ಈಗ ಓಡಿಸಿದರೆ ಮಧ್ಯದಲ್ಲೇ ಡಿಸ್ಕ್ ತುಂಬಿ ಎಲ್ಲವೂ ನಿಲ್ಲುತ್ತದೆ. ಓಡಿಸಬೇಡಿ.

ಜಾಗ ಬಿಡಿಸುವ ಮೊದಲು ಒಳಹರಿವು ಕಡಿಮೆ ಮಾಡಿ, ಇಲ್ಲದಿದ್ದರೆ ನಾಲ್ಕು ತಿಂಗಳಲ್ಲಿ ಮತ್ತೆ ಇದೇ ಪ್ರಶ್ನೆ ಕಳಿಸುತ್ತೀರಿ. 18,000 ಐಟಂಗಳನ್ನು 2,000 ಪೋರ್ಟಿಗೆ ಹಂಚಿದರೆ ಪೋರ್ಟಿಗೆ ಒಂಬತ್ತು. ಒಳಬರುವ ಮತ್ತು ಹೊರಹೋಗುವ ಟ್ರಾಫಿಕ್ ಎರಡು, ಎರರ್ ಮತ್ತು ಡಿಸ್ಕಾರ್ಡ್ (ಕೈಬಿಟ್ಟ ಪ್ಯಾಕೆಟ್) ನಾಲ್ಕು, ಸ್ಥಿತಿ, ವೇಗ, ವಿಧ ಮೂರು. ಇವುಗಳಲ್ಲಿ ನಿಮಿಷಕ್ಕೊಮ್ಮೆ ಬೇಕಾದದ್ದು ಟ್ರಾಫಿಕ್ ಮಾತ್ರ. ಈಥರ್ನೆಟ್ ಪೋರ್ಟ್ ಈಥರ್ನೆಟ್ ಆಗಿಯೇ ಇದೆ ಎಂದು ದಿನಕ್ಕೆ 1,440 ಸಲ ಬರೆದಿಡುವುದು ಯಾತಕ್ಕೆ? ಎರರ್, ಡಿಸ್ಕಾರ್ಡ್‌ಗಳನ್ನು ಐದು ನಿಮಿಷಕ್ಕೆ ಏರಿಸಿ. ಸ್ಥಿತಿ, ವೇಗ, ವಿಧಗಳಿಗೆ ಪ್ರೀಪ್ರೊಸೆಸಿಂಗ್‌ನಲ್ಲಿ ‘ಡಿಸ್ಕಾರ್ಡ್ ಅನ್‌ಚೇಂಜ್ಡ್ ವಿತ್ ಹಾರ್ಟ್‌ಬೀಟ್’ ಹಾಕಿ, ಹಾರ್ಟ್‌ಬೀಟ್ ಒಂದು ಗಂಟೆ. ಆಗ ಬದಲಾದರೆ ತಕ್ಷಣ, ಬದಲಾಗದಿದ್ದರೆ ಗಂಟೆಗೊಮ್ಮೆ ಮಾತ್ರ ಬರೆಯುತ್ತದೆ. ಲಿಂಕ್ ಡೌನ್ ಅಲಾರಂ ಮೊದಲಿನಷ್ಟೇ ಬೇಗ ಬರುತ್ತದೆ, ಯಾಕಂದರೆ ಸ್ವಿಚ್ಚನ್ನು ಕೇಳುವುದು ನಿಮಿಷಕ್ಕೊಮ್ಮೆಯೇ, ಬರೆಯುವುದು ಮಾತ್ರ ಕಡಿಮೆ. ಈ ಐಟಂಗಳ ಮೇಲೆ ‘ಡೇಟಾ ಬಂದಿಲ್ಲ’ ಟ್ರಿಗರ್ ಏನಾದರೂ ಇದ್ದರೆ ಅದರ ಅವಧಿ ಹಾರ್ಟ್‌ಬೀಟ್‌ಗಿಂತ ದೊಡ್ಡದಿರಲಿ.

ಲೆಕ್ಕ ಹಾಕಿ ನೋಡಿ. ಟ್ರಾಫಿಕ್ಕಿನ 4,000 ಐಟಂ ನಿಮಿಷಕ್ಕೊಮ್ಮೆ, ಸೆಕೆಂಡಿಗೆ 67. ಎರರ್, ಡಿಸ್ಕಾರ್ಡ್‌ನ 8,000 ಐಟಂ ಐದು ನಿಮಿಷಕ್ಕೊಮ್ಮೆ, ಸೆಕೆಂಡಿಗೆ 27. ಉಳಿದ 6,000 ಸೇರಿ ಸೆಕೆಂಡಿಗೆ ಎರಡೂ ಆಗದು. ಒಟ್ಟು 300 ಇದ್ದದ್ದು 95ರ ಆಸುಪಾಸಿಗೆ ಬಂತು, ದಿನಕ್ಕೆ 0.74 ಜಿಬಿ. ಹಿಸ್ಟರಿಯನ್ನು 45 ದಿನಕ್ಕೆ ಇಳಿಸಿದರೆ 33 ಜಿಬಿ. 210 ಜಿಬಿಯಿಂದ 33ಕ್ಕೆ ಬಂದಿರಿ, ಗ್ರಾಫ್ ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಲವರು ಹಿಸ್ಟರಿ ಏಳು ದಿನ ಸಾಕು ಅನ್ನುತ್ತಾರೆ, ಕಾಲೇಜಿನ ಕ್ಯಾಂಪಸ್ ಜಾಲಕ್ಕೆ ಸಾಕು ಕೂಡ. ನಾನು 45 ಅಂದದ್ದು ನಿಮ್ಮದು ಇಂಟರ್ನೆಟ್ ಮಾರುವ ಕಂಪನಿ ಎಂದು. ಲೀಸ್ಡ್ ಲೈನ್ ಗ್ರಾಹಕರಿಗೆ 95ನೇ ಪರ್ಸೆಂಟೈಲ್ (ಮೇಲಿನ ಶೇ 5 ಅಳತೆ ಬಿಟ್ಟು ಉಳಿದದ್ದರ ಗರಿಷ್ಠ) ಮೇಲೆ ಬಿಲ್ ಮಾಡುತ್ತಿದ್ದರೆ ಐದೈದು ನಿಮಿಷದ ಅಂಕಿಗಳು ಬಿಲ್ಲಿನ ತಿಂಗಳು ಪೂರ್ತಿ ಬೇಕು, ಮೇಲೆ ತಕರಾರು ಬರುವಷ್ಟು ದಿನ. ಟ್ರೆಂಡ್ಸ್‌ನಲ್ಲಿ ಗಂಟೆಗೊಂದು ಕನಿಷ್ಠ, ಸರಾಸರಿ, ಗರಿಷ್ಠ ಮಾತ್ರ ಉಳಿಯುವುದರಿಂದ ಅದರಿಂದ ಪರ್ಸೆಂಟೈಲ್ ತೆಗೆಯಲಾಗದು. ಅವಧಿ ಇಳಿಸುವ ಮೊದಲು ಅಕೌಂಟ್ಸ್‌ನವರನ್ನು ಒಂದು ಮಾತು ಕೇಳಿ.

ಇನ್ನೊಂದು ವಿಷಯವನ್ನೂ ನೋಡಿಕೊಳ್ಳಿ. ರೌಟರ್, ಫೈರ್‌ವಾಲ್‌ಗಳ ಸಿಸ್‌ಲಾಗ್ ಜ್ಯಾಬಿಕ್ಸ್‌ನ ಲಾಗ್ ಟೇಬಲಿಗೆ ಬರುತ್ತಿದೆಯೇ? ಬರುತ್ತಿದ್ದರೆ 45 ದಿನ ಎನ್ನುವ ಹಾಗಿಲ್ಲ. ಸರ್ಟ್‌-ಇನ್ (ದೇಶದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಐಟಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ, ಭಾರತದೊಳಗೇ ಇಟ್ಟಿರಬೇಕು. ಲಾಗ್‌ಗಳಿಗೆ ಬೇರೆ ಸಿಸ್‌ಲಾಗ್ ಸರ್ವರ್ ಮಾಡಿ. ಜ್ಯಾಬಿಕ್ಸ್ ಅದಕ್ಕೆಂದು ಕಟ್ಟಿದ್ದಲ್ಲ.

ತುಂಬಿದ ಟೇಬಲನ್ನು ಖಾಲಿ ಮಾಡುವ ಸುರಕ್ಷಿತ ದಾರಿ ಹೀಗೆ. ಹೊರಗಿನ ಡಿಸ್ಕಿಗೆ ಒಂದು ಪೂರ್ತಿ ಬ್ಯಾಕಪ್ ತೆಗೆದುಕೊಂಡು ಜ್ಯಾಬಿಕ್ಸ್ ಸರ್ವರ್ ಪ್ರೊಸೆಸ್ ನಿಲ್ಲಿಸಿ. ಪೂರ್ಣಾಂಕದ ಹಿಸ್ಟರಿ ಟೇಬಲಿಗೆ ಬೇರೆ ಹೆಸರಿಡಿ, ಅದೇ ರಚನೆಯ ಖಾಲಿ ಟೇಬಲನ್ನು ಹಳೆಯ ಹೆಸರಲ್ಲಿ ಮಾಡಿ, ಸರ್ವರ್ ಚಾಲೂ ಮಾಡಿ. ಎಲ್ಲ ಸೇರಿ ನಿಮಿಷದ ಕೆಲಸ, ಹೊಸ ಮೌಲ್ಯಗಳು ಹೊಸ ಟೇಬಲಿಗೆ ಹೋಗುತ್ತವೆ. ಹಳೆಯ ಟೇಬಲಿನಿಂದ ಬಿಲ್ಲಿಂಗಿಗೆ ಬೇಕಾದ ಅಪ್‌ಲಿಂಕ್ ಮತ್ತು ಲೀಸ್ಡ್ ಲೈನ್ ಪೋರ್ಟುಗಳ ಐಟಂ ಐಡಿ ಆರಿಸಿ, ಆ ಸಾಲುಗಳನ್ನಷ್ಟೇ ಹೊಸದಕ್ಕೆ ನಕಲಿಸಿ. ನಂತರ ಹಳೆಯ ಟೇಬಲನ್ನು ಡ್ರಾಪ್ ಮಾಡಿ. ಪ್ರತಿ ಟೇಬಲಿಗೂ ಪ್ರತ್ಯೇಕ ಕಡತ ಇರುವುದರಿಂದ ಡ್ರಾಪ್ ಆದ ಕೂಡಲೇ ಡಿಸ್ಕ್ ಬಿಡುಗಡೆಯಾಗುತ್ತದೆ.

ಹೊಸ ಟೇಬಲ್ ಖಾಲಿ ಇರುವ ಹೊತ್ತಿಗೇ ಅದನ್ನು ದಿನದ ಲೆಕ್ಕದಲ್ಲಿ ಪಾರ್ಟಿಶನ್ ಮಾಡಿಬಿಡಿ, ಹಳೆಯ ಸಾಲು ಗುಡಿಸುವ ಜ್ಯಾಬಿಕ್ಸ್ ಪ್ರೊಸೆಸ್ ಆದ ಹೌಸ್‌ಕೀಪರಿನ ಹಿಸ್ಟರಿ ಮತ್ತು ಟ್ರೆಂಡ್ಸ್ ಅಳಿಸುವ ಕೆಲಸ ಬಂದ್ ಮಾಡಿ. ಹಳೆಯ ದಿನವನ್ನು ಕಡಿಯುವುದು ಆಗ ಒಂದು ಕ್ಷಣದ ಮಾತು. ಅಪಾಯವೂ ಒಂದಿದೆ: ಮುಂದಿನ ದಿನಗಳ ಪಾರ್ಟಿಶನ್‌ಗಳನ್ನು ಸ್ಕ್ರಿಪ್ಟ್ ಮೊದಲೇ ಮಾಡಿಟ್ಟಿರಬೇಕು. ಸ್ಕ್ರಿಪ್ಟ್ ಯಾವುದೋ ಕಾರಣಕ್ಕೆ ಸತ್ತರೆ ನಡುರಾತ್ರಿ 12ಕ್ಕೆ ‘ಈ ಮೌಲ್ಯಕ್ಕೆ ಪಾರ್ಟಿಶನ್ ಇಲ್ಲ’ ಎಂಬ ಎರರ್ ಬಂದು ಬರವಣಿಗೆಯೇ ನಿಲ್ಲುತ್ತದೆ. ಕನಿಷ್ಠ ಎರಡು ವಾರ ಮುಂದಿನವರೆಗೆ ಮಾಡಿಡಿ, ಎಷ್ಟು ಉಳಿದಿವೆ ಎಂದು ಎಣಿಸುವ ಐಟಂ ಜ್ಯಾಬಿಕ್ಸ್‌ನಲ್ಲೇ ಹಾಕಿ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಾದರೆ ಈ ತಲೆನೋವನ್ನು ಅದರ ವಿಸ್ತರಣೆ ಟೈಮ್‌ಸ್ಕೇಲ್‌ಡಿಬಿಗೆ ವಹಿಸಬಹುದು. ಇದಕ್ಕಾಗಿಯೇ ಮೈಎಸ್‌ಕ್ಯೂಎಲ್ ಬಿಟ್ಟು ಅತ್ತ ಹೋಗಿ ಎಂದು ನಾನು ಹೇಳುವುದಿಲ್ಲ.

ಡೇಟಾಬೇಸ್ ಇಷ್ಟು ಇಳಿದ ಮೇಲೂ ಪೂರ್ತಿ ಬ್ಯಾಕಪ್ಪಿಗೆ ಮೈಎಸ್‌ಕ್ಯೂಎಲ್‌ಡಂಪ್ ಬೇಡ. ತೆಗೆಯುವುದು ಹೇಗೋ ಆಗುತ್ತದೆ, ಮರಳಿ ತುಂಬುವಾಗ ಅದು ಒಂದೊಂದೇ ಸಾಲು ಸೇರಿಸುತ್ತ, ಇಂಡೆಕ್ಸ್ ಕಟ್ಟುತ್ತ ಗಂಟೆಗಟ್ಟಲೆ ಕೂರಿಸುತ್ತದೆ. ಪರ್ಕೋನಾ ಎಕ್ಸ್‌ಟ್ರಾಬ್ಯಾಕಪ್‌ನ 8.0 ಆವೃತ್ತಿ ಬಳಸಿ. ಸರ್ವರ್ ಓಡುತ್ತಿರುವಾಗಲೇ ಡೇಟಾ ಕಡತಗಳನ್ನು ನಕಲಿಸುತ್ತದೆ, ಆ ನಡುವೆ ಆದ ಬದಲಾವಣೆಗಳನ್ನು ರೀಡೂ ಲಾಗ್‌ನಿಂದ ಹಿಡಿದುಕೊಳ್ಳುತ್ತದೆ. ಮರಳಿ ಕೂರಿಸುವ ಮೊದಲು ‘ಪ್ರಿಪೇರ್’ ಹಂತ ಮಾಡಲೇಬೇಕು, ಕೂರಿಸಿದ ಮೇಲೆ ಕಡತಗಳ ಮಾಲೀಕತ್ವವನ್ನು ಮೈಎಸ್‌ಕ್ಯೂಎಲ್ ಬಳಕೆದಾರನ ಹೆಸರಿಗೆ ಬದಲಿಸಬೇಕು. ಈ ಎರಡನೆಯದನ್ನು ಮರೆತು ‘ಸರ್ವಿಸ್ ಏಳುತ್ತಿಲ್ಲ, ಬ್ಯಾಕಪ್ ಹಾಳಾಗಿದೆ’ ಎಂದು ಫೋನ್ ಮಾಡುವವರು ಬಹಳ. ಮಾರಿಯಾಡಿಬಿ ಇದ್ದವರಿಗೆ ಇದು ಆಗದು, ಅವರಿಗೆ ಮಾರಿಯಾಬ್ಯಾಕಪ್ ಎಂದೇ ಬೇರೆ ಇದೆ.

ಸ್ಕ್ರಿಪ್ಟಿನ ಒಂದು ಸಣ್ಣ ಕಿಡಿಗೇಡಿತನ ಹೇಳಿಬಿಡುತ್ತೇನೆ. ಡಂಪನ್ನು ಪೈಪ್ ಮೂಲಕ ಜಿಜಿಪ್‌ಗೆ ಕಳಿಸುತ್ತೀರಿ. ಪಾಸ್‌ವರ್ಡ್ ಬದಲಾಗಿ ಡಂಪ್ ಮೊದಲ ಸೆಕೆಂಡಿಗೇ ಸೋತಿತು ಎಂದುಕೊಳ್ಳಿ. ಜಿಜಿಪ್‌ಗೆ ಏನೂ ಬರಲಿಲ್ಲ, ಆದರೂ ಅದು ಖಾಲಿಯನ್ನೇ ಚೊಕ್ಕವಾಗಿ ಜಿಪ್ ಮಾಡಿ ‘ಯಶಸ್ವಿ’ ಎಂದು ಮರಳುತ್ತದೆ. ಶೆಲ್ ನೋಡುವುದು ಪೈಪಿನ ಕೊನೆಯವನ ಮಾತನ್ನು ಮಾತ್ರ. ಫಲ: ದಿನಾ ಒಂದು ಕಡತ, ತಾರೀಕಿನ ಸಮೇತ, ಗಾತ್ರ 20 ಬೈಟ್. ಬ್ಯಾಶ್‌ನಲ್ಲಿ ‘ಪೈಪ್‌ಫೇಲ್’ ಚಾಲೂ ಮಾಡಿ. ಕಡತದ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬುದು ಇದೆಯೇ ಎಂದು ಸ್ಕ್ರಿಪ್ಟೇ ನೋಡಲಿ. ಕಡತದ ವಯಸ್ಸು 26 ಗಂಟೆ ಮೀರಿದರೆ, ಗಾತ್ರ ನಿನ್ನೆಯದರ ಅರ್ಧಕ್ಕಿಂತ ಇಳಿದರೆ ಟ್ರಿಗರ್ ಬರುವಂತೆ ಮಾಡಿ. ಜ್ಯಾಬಿಕ್ಸೇ ಬಿದ್ದಾಗ ಆ ಟ್ರಿಗರ್ ಬರುವುದಿಲ್ಲವಲ್ಲ, ಅದಕ್ಕೆ ಧಾರವಾಡದ ಯಂತ್ರದಿಂದಲೂ ಇದೇ ಪರೀಕ್ಷೆಯನ್ನು ಒಂದು ಕ್ರಾನ್ ಮಾಡಲಿ.

ಧಾರವಾಡ ಅಂದ ಮೇಲೆ ನಿಮ್ಮ ಸಾಹೇಬರ ಪ್ರಶ್ನೆಗೆ ಬರುತ್ತೇನೆ. ರೆಪ್ಲಿಕಾ ಒಳ್ಳೆಯದೇ. ಹುಬ್ಬಳ್ಳಿಯ ಯಂತ್ರ ಸುಟ್ಟರೆ ಧಾರವಾಡದ್ದನ್ನು ಬೇಗ ಎಬ್ಬಿಸಬಹುದು, ಡಂಪನ್ನು ಅಲ್ಲಿಂದ ತೆಗೆದು ಮುಖ್ಯ ಸರ್ವರಿನ ಭಾರ ಇಳಿಸಬಹುದು. ಆದರೆ ಇಲ್ಲಿ ಯಾರೋ ತಪ್ಪಾಗಿ ಒಂದು ಹೋಸ್ಟ್ ಗ್ರೂಪ್ ಅಳಿಸಿದರೆ ಕ್ಷಣದೊಳಗೆ ಅಲ್ಲೂ ಅಳಿಯುತ್ತದೆ. ಒಂದು ಗಂಟೆ ತಡವಾಗಿ ಓಡುವ ರೆಪ್ಲಿಕಾ ಮಾಡಬಹುದು. ತಪ್ಪು ಗಂಟೆಯೊಳಗೆ ಕಣ್ಣಿಗೆ ಬಿದ್ದರೆ ಪುಣ್ಯ, ಇಲ್ಲದಿದ್ದರೆ ಇಲ್ಲ.

ಸಾಹೇಬರಿಗೆ 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನು ಹೇಳಿ. ರೆಪ್ಲಿಕೇಶನ್ ಸರಿಪಡಿಸಲು ಕೂತಿದ್ದ ಎಂಜಿನಿಯರ್ ಎರಡನೆಯ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಡೈರೆಕ್ಟರಿಯನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ತಡೆಯುವ ಹೊತ್ತಿಗೆ ಉಳಿದದ್ದು 4.5 ಜಿಬಿ. ನಿತ್ಯದ ಡಂಪ್ ಇರಬೇಕಾಗಿದ್ದ ಜಾಗ ಖಾಲಿ ಇತ್ತು, ಯಾಕಂದರೆ ಪೋಸ್ಟ್‌ಗ್ರೆಸ್‌ನ ಡಂಪ್ ಸಾಧನ ಪಿಜಿ‌ಡಂಪ್‌ನ 9.2 ಆವೃತ್ತಿ 9.6ರ ಡೇಟಾಬೇಸಿನ ಮೇಲೆ ಓಡಿ ಪ್ರತಿ ರಾತ್ರಿ ಸೋಲುತ್ತಿತ್ತು. ಸೋತದ್ದನ್ನು ತಿಳಿಸುವ ಇಮೇಲ್‌ಗಳನ್ನು ಸ್ವೀಕರಿಸುವ ಕಡೆಯ ಮೇಲ್ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಕೈ ಹಿಡಿದದ್ದು ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಅವರಲ್ಲಿ ರೆಪ್ಲಿಕಾ ಇತ್ತು, ಡಂಪ್ ಇತ್ತು, ಸ್ನ್ಯಾಪ್‌ಶಾಟ್ ಇತ್ತು. ಯಾವುದು ನಿಜವಾಗಿ ಮರಳಿ ಬರುತ್ತದೆ ಎಂದು ನೋಡುವ ಪದ್ಧತಿ ಇರಲಿಲ್ಲ. ಇಷ್ಟನ್ನೂ ಅವರೇ ಬಹಿರಂಗವಾಗಿ ಬರೆದುಕೊಂಡರು, ಅದು ದೊಡ್ಡತನ.

ಧಾರವಾಡದ ಯಂತ್ರವನ್ನು ಹೊರಗಿನ ಪ್ರತಿ ಇಡುವ ಜಾಗವಾಗಿ ಬಳಸಿ. 20 ಕಿ.ಮೀ. ದೂರ ಬೆಂಕಿಗೆ, ಕಳ್ಳತನಕ್ಕೆ, ನೀರು ನುಗ್ಗುವುದಕ್ಕೆ ಸಾಕು. ರಾನ್ಸಮ್‌ವೇರ್‌ಗೆ ದೂರ ಲೆಕ್ಕಕ್ಕಿಲ್ಲ. ಆದ್ದರಿಂದ ಹುಬ್ಬಳ್ಳಿಯಿಂದ ಕಳಿಸಬೇಡಿ, ಧಾರವಾಡವೇ ಬಂದು ಎಸ್‌ಎಸ್‌ಎಚ್ ಮೂಲಕ ಎಳೆದುಕೊಳ್ಳಲಿ. ಹುಬ್ಬಳ್ಳಿಯ ಸರ್ವರಿನಲ್ಲಿ ಧಾರವಾಡಕ್ಕೆ ಹೋಗುವ ಕೀ, ಪಾಸ್‌ವರ್ಡ್ ಏನೂ ಇಲ್ಲದಿದ್ದರೆ ಇಲ್ಲಿ ನುಗ್ಗಿದವನು ಅಲ್ಲಿನ ಪ್ರತಿಗಳನ್ನು ಅಳಿಸಲಾರ. ಅದೇ ಯಂತ್ರ ರೆಪ್ಲಿಕಾ ಆಗಿಯೂ ಇದ್ದರೆ ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ. ರೆಪ್ಲಿಕಾ ಹಾಕಿದ ಮೇಲೆ ಬೈನರಿ ಲಾಗನ್ನು ಎರಡೇ ದಿನಕ್ಕೆ ಕಡಿಯುವುದೂ ಸರಿಯಲ್ಲ. ಶನಿವಾರ ಕೊಂಡಿ ತಪ್ಪಿ ಸೋಮವಾರ ನೋಡುವಷ್ಟರಲ್ಲಿ ರೆಪ್ಲಿಕಾ ಹಿಂದೆ ಬಿದ್ದು ಮೊದಲಿನಿಂದ ಕಟ್ಟಬೇಕಾಗುತ್ತದೆ. ಐದಾರು ದಿನ ಇಡಿ.

ಧಾರವಾಡಕ್ಕೆ ಹೋಗುವ ಪ್ರತಿಯನ್ನು ಜಿಪಿಜಿಯಿಂದ ಗೂಢಲಿಪಿ ಮಾಡಿ. ಹಲವರಿಗೆ ಇದು ಗೊತ್ತಿಲ್ಲ: ಎಸ್‌ಎನ್‌ಎಂಪಿ (ಸಾಧನಗಳಿಂದ ಅಳತೆ ಕೇಳುವ ಭಾಷೆ) ಕಮ್ಯುನಿಟಿ, ವಿ3ರ ಪಾಸ್‌ಫ್ರೇಸ್ ಅಷ್ಟೇ ಅಲ್ಲ, ಪರದೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕಾಣುವ ‘ಸೀಕ್ರೆಟ್’ ಮ್ಯಾಕ್ರೋಗಳೂ ಡೇಟಾಬೇಸಿನಲ್ಲಿ ನೇರವಾಗಿ ಓದುವಂತೆಯೇ ಕೂತಿರುತ್ತವೆ. ಆ ಡಂಪ್ ಕೈಗೆ ಸಿಕ್ಕವನಿಗೆ ನಿಮ್ಮ ಜಾಲದ ನಕ್ಷೆ, ಬೀಗದ ಕೈ ಎರಡೂ ಸಿಕ್ಕ ಹಾಗೆ. ಬಿಚ್ಚುವ ಖಾಸಗಿ ಕೀಯನ್ನು ಆ ಎರಡೂ ಸರ್ವರಿನಲ್ಲಿ ಇಡಬೇಡಿ.

ಡೇಟಾಬೇಸಿನ ಹೊರಗಿನ ಸಾಮಾನನ್ನೂ ಅದೇ ಸ್ಕ್ರಿಪ್ಟಿನಲ್ಲಿ ಸೇರಿಸಿ: ಸರ್ವರಿನ ಮತ್ತು ವೆಬ್ ಮುಖದ ಕಾನ್ಫಿಗ್ ಕಡತ, ಎಕ್ಸ್‌ಟರ್ನಲ್ ಸ್ಕ್ರಿಪ್ಟ್‌ಗಳು, ಅಲರ್ಟ್ ಸ್ಕ್ರಿಪ್ಟ್‌ಗಳು, ಓಎಲ್‌ಟಿಯವರು ಕೊಟ್ಟ ಎಂಐಬಿ ಕಡತಗಳು (ಸಾಧನದ ಅಳತೆಗಳ ಪಟ್ಟಿ), ಪಿಎಸ್‌ಕೆ ಕೀಗಳು (ಗೂಢಲಿಪಿ ಸಂಪರ್ಕಕ್ಕೆ ಎರಡೂ ಕಡೆ ಇಡುವ ಕೀ), ಕ್ರಾನ್ ಪಟ್ಟಿ. ಎಲ್ಲ ಸೇರಿ ಕೆಲವೇ ಎಂಬಿ.

ಗದಗ, ಹಾವೇರಿಯ ಪ್ರಾಕ್ಸಿಗಳು ನಿಮಗೆ ಪುಕ್ಕಟೆ ಸಿಕ್ಕಿರುವ ರಕ್ಷಣೆ, ಅದನ್ನು ಬಳಸಿಕೊಂಡಿಲ್ಲ ಅನ್ನಿಸುತ್ತದೆ. ಮುಖ್ಯ ಸರ್ವರ್ ಸಿಗದಿದ್ದಾಗ ಪ್ರಾಕ್ಸಿ ಸಂಗ್ರಹಿಸಿದ್ದನ್ನು ತನ್ನಲ್ಲೇ ಹಿಡಿದಿಡುತ್ತದೆ, ಸರ್ವರ್ ಎದ್ದ ಮೇಲೆ ಕಳಿಸುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಎಂಬುದು ‘ಪ್ರಾಕ್ಸಿ ಆಫ್‌ಲೈನ್ ಬಫರ್’ ಎಂಬ ಸೆಟ್ಟಿಂಗ್, ಮೂಲದಲ್ಲಿ ಒಂದೇ ಗಂಟೆ. ನಿಮ್ಮ ಸರ್ವರ್ ಐದು ಗಂಟೆ ಬಿದ್ದರೆ ನಾಲ್ಕು ಗಂಟೆಯದ್ದು ಹೋಯಿತು. ಅದನ್ನು 72 ಗಂಟೆ ಮಾಡಿ. ಹುಬ್ಬಳ್ಳಿಯ ಸಾಧನಗಳಿಗೂ ಒಂದು ಪ್ರಾಕ್ಸಿ ಹಾಕಿ, ನೇರವಾಗಿ ಸರ್ವರ್ ಕೇಳುವುದು ಬೇಡ. ಆಗ ಮೇಲೆ ಹೇಳಿದ ಟೇಬಲ್ ಬದಲಿಸುವ ಕೆಲಸದಲ್ಲೂ ಒಂದು ನಿಮಿಷದ ಡೇಟಾ ಕೂಡ ಕಳೆಯುವುದಿಲ್ಲ.

ಇದು ಏಪ್ರಿಲ್-ಮೇನಲ್ಲಿ ಹೆಚ್ಚು ಮುಖ್ಯ. ಗುಡುಗು-ಗಾಳಿ ಮಳೆ ಬಂದು ಹೆಸ್ಕಾಂ ಲೈನ್ ಟ್ರಿಪ್ ಆದ ಸಂಜೆ ನಿಮ್ಮ ಸಾಧನಗಳೆಲ್ಲ ಒಟ್ಟಿಗೆ ಬಿದ್ದು ಏಳುತ್ತವೆ, ಇವೆಂಟ್‌ಗಳು ಮೇಲಿಂದ ಮೇಲೆ ಬೀಳುತ್ತವೆ, ಡೇಟಾಬೇಸ್ ಅತಿ ಹೆಚ್ಚು ಬರೆಯುವ ಹೊತ್ತಿಗೇ ಯುಪಿಎಸ್ ಬ್ಯಾಟರಿ ಕೊನೆಯಾಗುತ್ತಿರುತ್ತದೆ. ಬ್ಯಾಟರಿ ಇಳಿದಾಗ ಸರ್ವರನ್ನು ಕ್ರಮವಾಗಿ ನಿಲ್ಲಿಸುವಂತೆ ಯುಪಿಎಸ್‌ನಿಂದ ಯುಎಸ್‌ಬಿ ಕೇಬಲ್ ಎಳೆದು ನಟ್ ತಂತ್ರಾಂಶ ಹಾಕಿ. ವೇಗಕ್ಕೆಂದು ಇನ್ನೋಡಿಬಿಯ ಡಬಲ್‌ರೈಟ್ (ಪುಟವನ್ನು ಎರಡು ಕಡೆ ಬರೆಯುವ ಏರ್ಪಾಡು) ಬಂದ್ ಮಾಡಿ ಎಂಬ ಸಲಹೆ ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಕರೆಂಟ್ ಕೈಕೊಡುವ ಊರಲ್ಲಿ ಅರ್ಧ ಬರೆದ ಪುಟವನ್ನು ಉಳಿಸುವುದು ಅದೇ.

ಇನ್ನು ಮರಳಿ ಕೂರಿಸಿ ನೋಡುವ ಕೆಲಸ. ಕಚೇರಿಯ ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ಸಾಕು, ಡಿಸ್ಕ್ ಮಾತ್ರ ಎಸ್‌ಎಸ್‌ಡಿ ಇರಲಿ. ಪ್ಯಾಕೇಜುಗಳನ್ನು ಹಾಕಿಕೊಂಡು, ಬ್ಯಾಕಪ್ ಕಡತವನ್ನು ಡಿಸ್ಕಿಗೆ ತಂದುಕೊಂಡ ಮೇಲೆ ನೆಟ್‌ವರ್ಕ್ ಕೇಬಲ್ ಬಿಚ್ಚಿಬಿಡಿ. ಬಿಚ್ಚದೆ ಜ್ಯಾಬಿಕ್ಸ್ ಸರ್ವರ್ ಚಾಲೂ ಮಾಡಿದರೆ ಅದು ತಾನೇ ಅಸಲಿ ಎಂದುಕೊಂಡು ಸ್ವಿಚ್‌ಗಳನ್ನು ಕೇಳತೊಡಗುತ್ತದೆ, ಸಾಹೇಬರ ಮೊಬೈಲಿಗೆ ಅಲಾರಂ ಕಳಿಸತೊಡಗುತ್ತದೆ. ಸಂರಚನೆ ಕೂರಿಸಿ ಲಾಗಿನ್ ಆಗಿ. ಚಾಲೂ ಇರುವ ಹೋಸ್ಟ್‌ಗಳ ಸಂಖ್ಯೆ ಅಸಲಿಯೊಂದಿಗೆ ತಾಳೆ ಆಗುತ್ತದೆಯೇ? ನೀವು ಕಳೆದ ವಾರವಷ್ಟೇ ಸೇರಿಸಿದ ಸಾಧನ ಇದೆಯೇ? ನಂತರ ಎಕ್ಸ್‌ಟ್ರಾಬ್ಯಾಕಪ್ ಪ್ರತಿ ಕೂರಿಸಿ ಒಂದು ಅಪ್‌ಲಿಂಕ್ ಪೋರ್ಟಿನ ಗ್ರಾಫ್ ತೆರೆದು ಕೊನೆಯ ಬಿಂದು ಯಾವ ಹೊತ್ತಿನದು ನೋಡಿ. ಇದನ್ನು ಎಸ್‌ಕ್ಯೂಎಲ್‌ನಲ್ಲಿ ಕೇಳುವುದಾದರೆ ಒಂದು ಐಟಂ ಐಡಿ ಕೊಟ್ಟು ಕೇಳಿ. ಇಡೀ ಟೇಬಲಿನ ಗರಿಷ್ಠ ಸಮಯ ಕೇಳಿದರೆ ಇಂಡೆಕ್ಸ್ ಐಟಂನಿಂದ ಶುರುವಾಗುವುದರಿಂದ ಅದು ಟೇಬಲನ್ನೆಲ್ಲ ತಿರುವಿಹಾಕುತ್ತ ಕೂರುತ್ತದೆ.

ಗಡಿಯಾರ ಹಿಡಿದು ಮಾಡಿ. ಸಂರಚನೆ ಏಳಲು ಎಷ್ಟು ನಿಮಿಷ, ಪೂರ್ತಿ ಏಳಲು ಎಷ್ಟು ಗಂಟೆ ಎಂಬ ಎರಡು ಅಂಕಿ ಬರೆದು ಸಾಹೇಬರ ಮೇಜಿನ ಮೇಲಿಡಿ. ಇನ್ನೊಂದು ಡಿಸ್ಕಿಗೆ ರೊಕ್ಕ ಬಿಡುಗಡೆ ಮಾಡಿಸಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಮೂರು ತಿಂಗಳಿಗೊಮ್ಮೆ ಮಾಡಿ, ಸಾಧ್ಯವಾದರೆ ಸ್ಕ್ರಿಪ್ಟ್ ಬರೆಯದ ಸಹೋದ್ಯೋಗಿಯ ಕೈಯಲ್ಲಿ ಮಾಡಿಸಿ. ನೀವು ರಜೆಯಲ್ಲಿದ್ದಾಗಲೇ ಸರ್ವರ್ ಬೀಳುವುದು.

ಆವೃತ್ತಿ ಏರಿಸುವ ಯೋಚನೆ ಇದ್ದರೆ ಇದೆಲ್ಲ ಮುಗಿಯುವ ತನಕ ತಡೆಯಿರಿ. ಹೊಸ ಜ್ಯಾಬಿಕ್ಸ್ ಸರ್ವರ್ ಮೊದಲ ಸಲ ಚಾಲೂ ಆದಾಗ ಡೇಟಾಬೇಸಿನ ರಚನೆಯನ್ನು ತಾನೇ ಮೇಲಕ್ಕೇರಿಸುತ್ತದೆ, ಹಿಂದಕ್ಕೆ ಬರುವ ದಾರಿ ಇಲ್ಲ. 6.0ರಿಂದ 7.0ಗೆ ಹೋಗುವಾಗ ಅರ್ಧಕ್ಕೆ ನಿಂತರೆ ನಿಮಗಿರುವುದು ಹಿಂದಿನ ರಾತ್ರಿಯ ಪ್ರತಿ ಮತ್ತು 6.0ರ ಪ್ಯಾಕೇಜ್ ಮಾತ್ರ. ಆ ಹಳೆಯ ಪ್ಯಾಕೇಜುಗಳನ್ನೂ ಇಳಿಸಿ ಬ್ಯಾಕಪ್ಪಿನ ಜೊತೆಗೇ ಇಟ್ಟುಕೊಳ್ಳಿ. 7.0ರಲ್ಲಿ ಬೈನರಿ ಮೌಲ್ಯಗಳಿಗೆ ಆರನೆಯ ಹಿಸ್ಟರಿ ಟೇಬಲ್ ಒಂದು ಹೊಸದಾಗಿ ಬರುತ್ತದೆ, ಏರಿಸಿದ ದಿನವೇ ಅದನ್ನು ಡಂಪ್ ಸ್ಕ್ರಿಪ್ಟಿನ ಬಿಡುವ ಪಟ್ಟಿಗೆ ಸೇರಿಸಿ.